ಭಾವನ ದೋಣಿಗೆ ನಾನು ಕೂರಿಸಿದ ವಿಂಚು

ಕಾರಿನ ಬ್ಯಾಟರಿಯಿಂದ ದೋಣಿಯನ್ನು ನೀರಿನಿಂದ ಮೇಲಕ್ಕೆಳೆಯಬಹುದು. ಇದು ಸಿದ್ಧಪಟ್ಟ ವಿಷಯ. ಮುಂದೆ ಹೇಳುವುದನ್ನು ಓದಿ ಯಾರೂ ಬ್ಯಾಟರಿಯ ಬಗ್ಗೆಯಾಗಲಿ, ತಾಮ್ರದ ತಂತಿಯ ಬಗ್ಗೆಯಾಗಲಿ, ಮೋಟಾರಿನ ಬಗ್ಗೆಯಾಗಲಿ ಕೆಟ್ಟ ಅಭಿಪ್ರಾಯ ತಾಳಬಾರದೆಂದು ಮೊದಲೇ ಕೇಳಿಕೊಳ್ಳುತ್ತೇನೆ. ಅವೆಲ್ಲ ತಂತಮ್ಮ ಧರ್ಮವನ್ನು ಚಾಚೂ ತಪ್ಪದೆ ಪಾಲಿಸಿದವು. ತಪ್ಪಿದವನು ವಿದ್ಯುತ್ ಇಂಜಿನಿಯರೆಂದು ಊರಿಗೆಲ್ಲ ಹೇಳಿಕೊಂಡು ತಿರುಗುವ ನಾನೊಬ್ಬನೇ.

ದೋಣಿ ನನ್ನದಲ್ಲ, ಭಾವನದು. ಭಾವ ಎಂದರೆ ಅಕ್ಕನ ಗಂಡ. ಧಾರವಾಡದವರು. ನ್ಯೂಜೆರ್ಸಿಯ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ಕೊಡುವ ಡಾಕ್ಟರಾಗಿದ್ದರು. ಅಂದರೆ, ಬದುಕಿಡೀ ಊರ ಜನರನ್ನೆಲ್ಲ ಮಲಗಿಸಿ, ಅವರು ಏಳುವ ತನಕ ತಾವು ಎಚ್ಚರವಾಗಿ ಕೂತವರು. ನಿವೃತ್ತರಾದ ಮೇಲೆ ಮಲಗಿಸುವ ಕೆಲಸ ಬಿಟ್ಟುಹೋಯಿತು, ಎಚ್ಚರವಾಗಿರುವುದು ಬಿಡಲಿಲ್ಲ. ಹಾಸಿಗೆಗೆ ಬಿದ್ದರೆ ಕಣ್ಣು ಮುಚ್ಚುವುದಿಲ್ಲ, ಮುಚ್ಚಿದರೂ ನಿದ್ದೆ ಹತ್ತುವುದಿಲ್ಲ. ಮಾತ್ರೆ ಆಯಿತು, ಬಿಸಿ ಹಾಲಾಯಿತು, ಅಕ್ಕ ಹೇಳಿದ ಸ್ತೋತ್ರಗಳೂ ಆದವು. ನಿದ್ದೆಯ ವಿಷಯದಲ್ಲಿ ನಾನೇ ಸ್ಪೆಷಲಿಸ್ಟು, ನನ್ನ ಕೇಸು ನನಗೇ ಬಗೀಹರಿಯೂದಿಲ್ಲ ಎಂದು ಭಾವ ನಗುತ್ತಿದ್ದರು.

ಹೀಗಿರುವಾಗ ಆಸ್ಪತ್ರೆಯ ಸಹೋದ್ಯೋಗಿಯೊಬ್ಬ ಫ್ಲಾರಿಡಾಕ್ಕೆ ಹೋಗುವಾಗ ತನ್ನ ಹಳೆಯ ಮೀನು ಹಿಡಿಯುವ ದೋಣಿಯನ್ನು ಕಾರಿನ ಹಿಂದೆ ಕಟ್ಟಿ ಎಳೆಯುವ ಟ್ರೇಲರ್ ಸಮೇತ ಇವರ ತಲೆಗೆ ಕಟ್ಟಿದ. ಭಾವ ಮೊಟ್ಟೆಯನ್ನೂ ಮುಟ್ಟದ ಜನ. ಮೀನುದೋಣಿ ತಗೊಂಡು ಏನು ಮಾಡ್ತೀರಿ ಎಂದು ನಾವೆಲ್ಲ ನಕ್ಕೆವು. ಅವರು ಒಂದು ಭಾನುವಾರ ದೋಣಿಯನ್ನು ರಾರಿಟನ್ ಕೊಲ್ಲಿಗೆ ಇಳಿಸಿ, ದಡದಿಂದ ಸ್ವಲ್ಪ ದೂರ ಹೋಗಿ, ಲಂಗರು ಹಾಕಿ, ಮೋಟಾರು ಆರಿಸಿ, ಟೋಪಿಯನ್ನು ಮುಖದ ಮೇಲೆಳೆದುಕೊಂಡು ಒರಗಿದರು. ನಿದ್ದೆ ಬಂತು. ಗೊರಕೆಯೂ ಬಂತು. ಸಾಯಂಕಾಲ ಮನೆಗೆ ಬಂದಾಗ ಅವರ ಮುಖ ಹೇಗಿತ್ತೆಂದರೆ, ಅಕ್ಕ ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು.

ಅಲ್ಲಿಂದ ಮುಂದೆ ಪ್ರತಿ ಭಾನುವಾರವೂ ಇದೇ ವ್ರತ. ಪಕ್ಕದ ದೋಣಿಯವರು ಕೈಯೆತ್ತಿ, ಇವತ್ತು ಏನು ಸಿಕ್ಕಿತು ಡಾಕ್ಟರೇ ಎಂದು ಕೇಳಿದರೆ ಇವರು, "ಎರಡು ತಾಸು" ಅನ್ನುತ್ತಿದ್ದರಂತೆ.

ತೊಂದರೆ ಬಂದದ್ದು ಭುಜಕ್ಕೆ. ದೋಣಿಯನ್ನು ನೀರಿನಿಂದ ಟ್ರೇಲರಿನ ಮೇಲೆ ಎಳೆದುಕೊಳ್ಳುವುದಕ್ಕೆ ಮುಂಭಾಗದಲ್ಲಿ ಒಂದು ಕೈರಾಟೆ ಇರುತ್ತದೆ. ನಮ್ಮ ಕಡೆ ಬಾವಿಯ ರಾಟೆ ಹೇಗೋ ಹಾಗೆ, ಹ್ಯಾಂಡಲ್ ಹಿಡಿದು ತಿರುಗಿಸುತ್ತಾ ಹೋದರೆ ಪಟ್ಟಿ ಸುತ್ತಿಕೊಂಡು ದೋಣಿ ಇಂಚಿಂಚೇ ಮೇಲೆ ಬರುತ್ತದೆ. ವರ್ಷಗಟ್ಟಲೆ ಅದನ್ನು ತಿರುಗಿಸಿ ತಿರುಗಿಸಿ ಭಾವನ ಬಲಭುಜದ ಒಳಗಿನ ನಾರುಗಳು ಹರಿದವು. ವಸಂತದಲ್ಲಿ ಆಪರೇಷನ್ ಆಯಿತು. ಕೈಯನ್ನು ಕೊರಳಿಗೆ ಕಟ್ಟಿದ ಜೋಳಿಗೆಯಲ್ಲಿ ಹಾಕಿಕೊಂಡು ಬೇಸಿಗೆಯೆಲ್ಲ ಮನೆಯಲ್ಲೇ ಕೂತರು. ಇನ್ನು ಮೇಲೆ ಆ ಹ್ಯಾಂಡಲ್ ಮುಟ್ಟಕೂಡದೆಂದು ಡಾಕ್ಟರ ಕಟ್ಟಪ್ಪಣೆ. ದೋಣಿ ಮಾರಬೇಕೆಂದು ಅಕ್ಕನ ಕಟ್ಟಪ್ಪಣೆ. ಕೊಳ್ಳುವವನೊಬ್ಬ ಬಂದು ನೋಡಿಕೊಂಡೂ ಹೋದ.

ಈ ಘಟ್ಟದಲ್ಲಿ ನನ್ನ ಪ್ರವೇಶ.

ಪ್ರಿನ್ಸ್‌ಟನ್ನಿನ ಹತ್ತಿರ ಇರುವ ನಾನು ಅವರ ಮನೆಗೆ ಊಟಕ್ಕೆಂದು ಹೋಗಿದ್ದೆ. ಭಾವ ಸಾರು ಕಲಸುತ್ತಾ, "ಹೋಗ್ಲಿ ಬಿಡು, ಈ ಸಲ ಛಳಿಗಾಲದಾಗ ಹ್ಯಾಂಗೂ ದೋಣಿ ಮುಚ್ಚಿಡೂದ ಅಲ್ಲಾ" ಎಂದರು. ಮುಖ ನೋಡಲಾಗಲಿಲ್ಲ. ಕಣ್ಣಿನ ಕೆಳಗೆ ಕಪ್ಪು ಚೀಲಗಳು.

"ಮಾರೋದು ಯಾಕೆ ಭಾವ? ವಿದ್ಯುತ್ ಕಂಡುಹಿಡಿದು ಬಹಳ ವರ್ಷ ಆಯ್ತಲ್ಲ?" ಎಂದೆ.

"ಅಂದ್ರ?"

"ಎಲೆಕ್ಟ್ರಿಕ್ ವಿಂಚ್ ಹಾಕಿಸೋಣ, ಕರೆಂಟಿನ ರಾಟೆ. ನಿಮ್ಮ ಕಾರಿನ ಬ್ಯಾಟರಿಯಿಂದಲೇ ಕರೆಂಟು. ನೀವು ಕೈ ಕಟ್ಟಿ ನಿಂತು ಒಂದು ಗುಂಡಿ ಒತ್ತಿದ್ರೆ ಆಯ್ತು, ದೋಣಿ ತಾನಾಗಿ ಬಂದು ಕೂತ್ಕೊಳುತ್ತೆ. ಯಾರ ಹಂಗೂ ಬೇಡ."

ಅಕ್ಕ ಹುಳಿಯ ಪಾತ್ರೆ ಕೆಳಗಿಟ್ಟು ನನ್ನನ್ನು ನೋಡಿದಳು. "ಲೋ, ನಿಜವಾಗ್ಲೂ ಆಗುತ್ತೇನೋ? ಅಥವಾ ನಮ್ಮ ಮನೆ ಕಾಲಿಂಗ್ ಬೆಲ್ ರಿಪೇರಿ ಮಾಡಿದ ಹಾಗೋ?"

ಕಾಲಿಂಗ್ ಬೆಲ್ಲಿನ ಪ್ರಕರಣ ಇಲ್ಲಿ ಅಪ್ರಸ್ತುತ. ನಾನು ಗಂಭೀರವಾಗಿ, ಇಡೀ ಜಿಲ್ಲೆಗೆ ಕರೆಂಟು ಹಂಚುವ ಲೆಕ್ಕ ಹಾಕಿದವನಿಗೆ ಒಂದು ದೋಣಿ ಎಳೆಯುವುದು ದೊಡ್ಡದಲ್ಲ ಎಂದೆ. ಅಕ್ಕ ಯೋಚಿಸಿ ತೀರ್ಪು ಕೊಟ್ಟಳು. ಆಯುಧಪೂಜೆಯ ಭಾನುವಾರ ದೋಣಿ ನೀರಿಗಿಳಿಯಲಿ. ಭಾವ ಕೈ ಹಾಕದೆ ಅದು ಮೇಲೆ ಬಂದರೆ ದೋಣಿ ಮನೆಯಲ್ಲೇ ಉಳಿಯುತ್ತದೆ, ಇಲ್ಲವಾದರೆ ಸೋಮವಾರ ಕೊಳ್ಳುವವನಿಗೆ ಫೋನು. ಭಾವ ಆವತ್ತು ಇನ್ನೊಂದು ಸಲ ಅನ್ನ ಹಾಕಿಸಿಕೊಂಡರು.

ಕೆಲಸವನ್ನು ನಾನು ಶಾಸ್ತ್ರೋಕ್ತವಾಗಿ ಮಾಡಿದೆ. ವಿಂಚು ತರಿಸಿ ಟ್ರೇಲರಿನ ಮೂತಿಗೆ ಕೂರಿಸಿದೆ. ಕಾರಿನ ಬಾನೆಟ್ಟಿನೊಳಗಿನ ಬ್ಯಾಟರಿಯಿಂದ ಹಿಂಬದಿಯ ತನಕ ದಪ್ಪ ತಂತಿ ಎಳೆಯಬೇಕು, ಏಕೆಂದರೆ ಭಾರ ಎಳೆಯುವ ಮೋಟಾರು ಕರೆಂಟನ್ನು ಗಟಗಟ ಕುಡಿಯುತ್ತದೆ. ತೆಳು ತಂತಿಯಾದರೆ ಕಾದುಹೋಗುತ್ತದೆ. ದಪ್ಪ ತಾಮ್ರದ ತಂತಿಯನ್ನು ಹೊಸದಾಗಿ ಕೊಳ್ಳುವುದು ಏಕೆ? ನನ್ನ ಕಾರಿನ ಡಿಕ್ಕಿಯಲ್ಲಿ ಉದ್ದನೆಯ ಜಂಪರ್ ಕೇಬಲ್ ಇತ್ತು. ಒಂದು ಕಾರಿನ ಬ್ಯಾಟರಿ ಸತ್ತರೆ ಇನ್ನೊಂದು ಕಾರಿನಿಂದ ಜೀವ ಕೊಡುವ ತಂತಿ. ವರ್ಷಗಳಿಂದ ಸುಮ್ಮನೆ ಬಿದ್ದಿತ್ತು. ಅದರ ಇಕ್ಕಳಗಳನ್ನು ಕತ್ತರಿಸಿ ಬಿಸಾಕಿ, ಅದೇ ತಂತಿಯಿಂದ ವಿಂಚಿಗೆ ದಾರಿ ಮಾಡಿದೆ. ಹಳೆಯ ವಸ್ತುವನ್ನು ಹೊಸ ಕೆಲಸಕ್ಕೆ ಹಚ್ಚಿದ ಆ ದಿನ ನನ್ನ ಬಗ್ಗೆ ನನಗೇ ಗೌರವ ಹೆಚ್ಚಾಗಿ, ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಗುನುಗಿಕೊಂಡೆ.

ಆಮೇಲೆ ಪ್ರದರ್ಶನಗಳು ಶುರುವಾದವು. ನವರಾತ್ರಿ. ಅಕ್ಕನ ಮನೆಯಲ್ಲಿ ಗೊಂಬೆ ಕೂರಿಸಿದ್ದರಿಂದ ಸಂಜೆಯಾದರೆ ಜನ. ಹೆಂಗಸರು ಒಳಗೆ ಗೊಂಬೆ ನೋಡುವಾಗ ಗಂಡಸರನ್ನು ನಾನು ಡ್ರೈವ್‌ವೇಗೆ ಕರೆದುಕೊಂಡು ಬಂದು ವಿಂಚು ತೋರಿಸುತ್ತಿದ್ದೆ. ಗುಂಡಿ ಒತ್ತಿದರೆ ಗುಂಯ್ ಎಂದು ಪಟ್ಟಿ ಹೊರಗೆ, ಇನ್ನೊಂದು ಒತ್ತಿದರೆ ಗುಂಯ್ ಎಂದು ಒಳಗೆ. ಕಡಲೆಯ ಸುಂಡಲ್ ತಿನ್ನುತ್ತಾ ನಿಂತ ಬೆಂಗಳೂರಿನ ಸಾಫ್ಟ್‌ವೇರಿನವರು, ಮೈಸೂರಿನ ಪ್ರೊಫೆಸರುಗಳು ಎಲ್ಲರೂ, "ಸೂಪರ್ ಅಂಕಲ್" ಎಂದರು. ನನಗಿಂತ ನಾಲ್ಕೈದು ವರ್ಷ ಮಾತ್ರ ಚಿಕ್ಕವನೊಬ್ಬನೂ ಅಂಕಲ್ ಎಂದ. ಅದನ್ನೂ ಕ್ಷಮಿಸಿದೆ.

ಒಂದು ಸಂಜೆ ಭಾವ ಕೇಳಿದರು. "ಅಲ್ಲೋ, ಗಾಡಿ ಚಾಲೂ ಇಟ್ಟು ಮಾಡಬೇಕಲ್ಲೇನು ಇದನ್ನ? ಬ್ಯಾಟರಿ ಇಳೀತದ."

"ಭಾವ, ನಿಂತ ಗಾಡಿಯ ಎಂಜಿನ್ ಓಡಿಸೋದು ಅನಾಗರಿಕತೆ" ಎಂದೆ.

ಇದು ನಮ್ಮ ಮನೆತನದ ಮತ. ನಮ್ಮಪ್ಪ ಮೈಸೂರಿನಲ್ಲಿ ರೈಲ್ವೆ ಗೇಟು ದೂರದಲ್ಲಿ ಕಂಡರೆ ಸಾಕು, ಸ್ಕೂಟರಿನ ಎಂಜಿನ್ ಆರಿಸಿ, ಗೇಟಿನವರೆಗೂ ಹಾಗೇ ಉರುಳಿಸಿಕೊಂಡು ಹೋಗುತ್ತಿದ್ದರು. ನಾನು ಅಮೆರಿಕದಲ್ಲಿ ಮೂವತ್ತು ವರ್ಷ ಕಾರು ಓಡಿಸಿದ ಮೇಲೂ ಟೋಲ್ ಗೇಟಿನ ಸಾಲಿನಲ್ಲಿ ಎಂಜಿನ್ ಆರಿಸುತ್ತೇನೆ. ಹಿಂದಿನವರ ಹಾರ್ನು ನನಗೆ ಮಂಗಳವಾದ್ಯದ ಹಾಗೆ ರೂಢಿಯಾಗಿದೆ. ಭಾವನಿಗೆ ಇದನ್ನೆಲ್ಲ ವಿವರಿಸಿ, ಬ್ಯಾಟರಿಯ ಸಾಮರ್ಥ್ಯದ ಬಗ್ಗೆಯೂ ಒಂದು ಪುಟ್ಟ ಉಪನ್ಯಾಸ ಕೊಟ್ಟೆ. ಅವರ ಕೈ ಜೋಳಿಗೆಯಲ್ಲಿದ್ದ ಅಷ್ಟೂ ತಿಂಗಳು ಆ ಕಾರು ಹೊರಗೇ ಹೋಗಿಲ್ಲ, ಬ್ಯಾಟರಿಗೆ ಊಟವೇ ಇಲ್ಲ ಎನ್ನುವುದು ಉಪನ್ಯಾಸದಲ್ಲಿ ಬರಲಿಲ್ಲ. ಭಾವ, "ಹೌದೇನಪಾ" ಎಂದು ಕೇಳಿಸಿಕೊಂಡರು. ಅವರು ಯಾರ ಮಾತನ್ನೂ ಕತ್ತರಿಸುವವರಲ್ಲ.

ಭಾನುವಾರ ಬೆಳಿಗ್ಗೆ ಪೂಜೆ. ಇಲ್ಲಿ ಹಬ್ಬಗಳೆಲ್ಲ ಶನಿವಾರ ಭಾನುವಾರಗಳಿಗೆ ಸರಿದುಕೊಂಡು ಬರುತ್ತವೆ, ದೇವರು ಅಡ್ಜಸ್ಟ್ ಮಾಡಿಕೊಂಡಿದ್ದಾನೆ. ದೇವರ ಕೋಣೆಯಲ್ಲಿ ಮಣೆಯ ಮೇಲೆ ಕೆಂಪು ಬಟ್ಟೆ ಹಾಸಿ ಮನೆಯ ಆಯುಧಗಳನ್ನೆಲ್ಲ ಇಟ್ಟೆವು. ಭಾವನ ಸ್ಟೆತೊಸ್ಕೋಪು, ಅಕ್ಕನ ಕತ್ತರಿ, ಮಿಕ್ಸಿ, ನನ್ನ ಸ್ಕ್ರೂಡ್ರೈವರುಗಳು. ಹಳೆಯ ಕೈರಾಟೆಯ ಹ್ಯಾಂಡಲನ್ನೂ ನಾನೇ ತಂದು ನಡುವೆ ಇಟ್ಟೆ. ಹೊಸ ವಿಂಚಿನಲ್ಲೂ ಅದೇ ಹ್ಯಾಂಡಲ್ ಕೂರುತ್ತದೆ, ಕರೆಂಟು ಕೈಕೊಟ್ಟಾಗ ತಿರುಗಿಸಲಿ ಎಂದು ಮಾಡಿದವರು ಒಂದು ತೂತು ಬಿಟ್ಟಿರುತ್ತಾರೆ. ಅದು ನಂಬಿಕೆಯಿಲ್ಲದವರಿಗೆ ಬಿಟ್ಟ ತೂತು ಎಂಬುದು ನನ್ನ ಅಭಿಪ್ರಾಯವಾಗಿತ್ತು. ಹ್ಯಾಂಡಲಿಗೆ ಕುಂಕುಮ ಇಟ್ಟು, ಸೇವಂತಿಗೆ ಏರಿಸಿ, "ಇಷ್ಟು ವರ್ಷ ದುಡಿದಿದ್ದಕ್ಕೆ ಇವತ್ತಿನಿಂದ ನಿವೃತ್ತಿ" ಎಂದು ಘೋಷಿಸಿದೆ. ಭಾವ ನಕ್ಕರು.

ಹೊರಗೆ ಕಾರಿಗೂ ಟ್ರೇಲರಿಗೂ ಅರಿಶಿನ ಕುಂಕುಮ, ವಿಂಚಿಗೆ ಪ್ರತ್ಯೇಕ ಹಾರ. ಚಕ್ರಗಳಿಗೆಲ್ಲ ನಿಂಬೆಹಣ್ಣು. ಎದುರುಮನೆಯವರು ಕಾಫಿ ಲೋಟ ಹಿಡಿದು ನೋಡುತ್ತಿದ್ದರು. ಹೊರಡುವಾಗ ಭಾವ ಮೆತ್ತಗೆ, "ಆ ಹ್ಯಾಂಡಲ್ ಒಂದು ಗಾಡ್ಯಾಗ ಇಟಗೊಂಡ್ರ ಹ್ಯಾಂಗ?" ಎಂದರು.

"ಪೂಜೆಗಿಟ್ಟದ್ದನ್ನ ನಾಳೆ ಬೆಳಿಗ್ಗೆ ಕದಲಿಸೋವರೆಗೂ ಎತ್ತೋ ಹಾಗಿಲ್ಲ ರೀ" ಎಂದಳು ಅಕ್ಕ.

"ಕೇಳಿದ್ರಲ್ಲ ಭಾವ, ಶಾಸ್ತ್ರ" ಎಂದೆ ನಾನು. ಶಾಸ್ತ್ರಕ್ಕೆ ನಾನು ಅಷ್ಟು ಭಕ್ತಿಯಿಂದ ತಲೆಬಾಗಿದ್ದು ಜೀವಮಾನದಲ್ಲಿ ಅದೇ ಮೊದಲು.

ದೋಣಿ ಇಳಿಸುವ ಜಾಗವೆಂದರೆ ನೀರಿನೊಳಕ್ಕೆ ಇಳಿದುಹೋಗುವ ಒಂದು ಕಾಂಕ್ರೀಟು ಇಳಿಜಾರು, ಪಕ್ಕದಲ್ಲಿ ಮರದ ಕಟ್ಟೆ. ಕಾರನ್ನು ಹಿಮ್ಮುಖವಾಗಿ ಇಳಿಸಿ ಟ್ರೇಲರನ್ನು ನೀರಿಗೆ ಮುಳುಗಿಸಿದರೆ ದೋಣಿ ತೇಲಿಕೊಂಡು ಹೊರಡುತ್ತದೆ. ಭಾವನ ಕಾರನ್ನು ಆವತ್ತು ನಾನೇ ಓಡಿಸಿದೆ. ಗುಂಡಿ ಒತ್ತಿದೆ, ಪಟ್ಟಿ ಸಡಿಲವಾಯಿತು, ದೋಣಿ ಹಂಸದಂತೆ ಜಾರಿತು. ಅದರಲ್ಲಿ ವಿಂಚಿನ ಪಾಲು ಏನೂ ಇರಲಿಲ್ಲ, ಭೂಮಿಯ ಆಕರ್ಷಣೆಯೇ ಎಲ್ಲ ಮಾಡಿತು. ಆದರೂ ಅಕ್ಕ ದಡದಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂತು ಚಪ್ಪಾಳೆ ತಟ್ಟಿದಾಗ ಅದನ್ನು ಭೂಮಿಗೆ ಒಪ್ಪಿಸಲಿಲ್ಲ, ನಾನೇ ಸ್ವೀಕರಿಸಿದೆ.

ಭಾವ ಎಡಗೈಯಲ್ಲಿ ಚುಕ್ಕಾಣಿ ಹಿಡಿದು ಕೊಲ್ಲಿಗೆ ಕರೆದುಕೊಂಡು ಹೋದರು. ದೂರದಲ್ಲಿ ನ್ಯೂಯಾರ್ಕಿನ ಕಟ್ಟಡಗಳು ಮಂಜಿನಲ್ಲಿ ನಿಂತಿದ್ದವು. ಲಂಗರು ಹಾಕಿದ್ದೇ ತಡ, ಟೋಪಿ ಮುಖದ ಮೇಲೆ ಬಂತು. ಬೇಸಿಗೆಯಿಡೀ ಸಿಗದ ನಿದ್ದೆ. ಬಾಯಿ ಸ್ವಲ್ಪ ತೆರೆದು, ಬಲಗೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡು, ಮಗುವಿನ ಹಾಗೆ ಮಲಗಿದರು. ನಾನು ಎದುರಿಗೆ ಕೂತು ಅದನ್ನು ನೋಡಿದೆ. ಈಗ ಹೇಳಲು ನಾಚಿಕೆ, ಆದರೆ ಆಗ ಅನ್ನಿಸಿದ್ದು ಇದು: ಈ ನಿದ್ದೆ ನನ್ನ ತಯಾರಿಕೆ.

ಹಿಂತಿರುಗಿದಾಗ ಮಧ್ಯಾಹ್ನ ಇಳಿದಿತ್ತು, ಉಬ್ಬರ ಏರುತ್ತಿತ್ತು. ಋತುವಿನ ಕೊನೆಯ ಒಳ್ಳೆಯ ಭಾನುವಾರವಾದ್ದರಿಂದ ಇಳಿಜಾರಿಗೆ ಸಾಲು. ನಮ್ಮ ಸರದಿ ಬಂತು. ಕಾರನ್ನು ಹಿಮ್ಮುಖವಾಗಿ ಇಳಿಸಿದೆ. ಬೇರೆಯವರಿಗೆ ತಿಳಿಯಲೆಂದು ಮಿನುಗು ದೀಪಗಳನ್ನು ಹಾಕಿದೆ. ಅಕ್ಕನ ಚಿತ್ರಾನ್ನದ ಡಬ್ಬಿ ತೆಗೆಯಲು ಹಿಂಬಾಗಿಲು ತೆರೆದಿತ್ತು, ಒಳಗಿನ ದೀಪ ಉರಿಯುತ್ತಿತ್ತು, ಕಾರಿನ ಟೇಪಿನಲ್ಲಿ ಭಾವಗೀತೆಯೊಂದು ಹಾಡುತ್ತಲೂ ಇತ್ತು. ಎಂಜಿನ್ ಒಂದನ್ನು ಮಾತ್ರ ಆರಿಸಿದೆ. ಸಭ್ಯ ಮನುಷ್ಯ ಮಾಡುವುದು ಅದನ್ನೇ ತಾನೆ?

ಭಾವ ದೋಣಿಯನ್ನು ಟ್ರೇಲರಿನ ಬಾಯಿಗೆ ತಂದು, ಕಟ್ಟೆಯ ಮೇಲಿಳಿದು, ಹಿಂದಿನ ಹಗ್ಗವನ್ನು ಎಡಗೈಯಲ್ಲಿ ಹಿಡಿದು ನಿಂತರು. ನಾನು ಪಟ್ಟಿಯ ಕೊಕ್ಕೆಯನ್ನು ದೋಣಿಯ ಮೂತಿಗೆ ಸಿಕ್ಕಿಸಿ, ಅಕ್ಕನ ಕಡೆಗೊಮ್ಮೆ ನೋಡಿ, ಗುಂಡಿ ಒತ್ತಿದೆ.

ಗುಂಯ್ ಎಂದಿತು. ದೋಣಿ ಮೂತಿಯೆತ್ತಿ ಬಂತು. ಅರ್ಧ ಬಂತು. ಹಾಡುತ್ತಿದ್ದವರ ದನಿ ಮೊದಲು ಗಡುಸಾಗಿ, ಆಮೇಲೆ ನಿಂತೇ ಹೋಯಿತು. ಮಿನುಗು ದೀಪಗಳು ಮಿನುಗುವುದನ್ನು ಬಿಟ್ಟು ಮಂಕಾಗಿ ದಿಟ್ಟಿಸಿದವು. ವಿಂಚು ಒಮ್ಮೆ ನರಳಿ ಸುಮ್ಮನಾಯಿತು. ಹೋಗಿ ಕೀಲಿ ತಿರುಗಿಸಿದೆ. ಟಿಕ್ ಟಿಕ್ ಟಿಕ್ ಎಂದಿತು. ಆ ಶಬ್ದ ಗೊತ್ತಿಲ್ಲದವರೇ ಪುಣ್ಯವಂತರು. ಅರ್ಧ ದೋಣಿ ಮೇಲೆ, ಅರ್ಧ ನೀರಲ್ಲಿ. ಅದನ್ನು ಎಳೆಯಬೇಕಾದ ಕಾರು ಕಲ್ಲು. ಏರುತ್ತಿರುವ ಉಪ್ಪುನೀರು ಹಿಂದಿನ ಚಕ್ರಗಳನ್ನು ಮುಟ್ಟುತ್ತಿದೆ. ಹ್ಯಾಂಡಲ್ ಕುಂಕುಮ ಇಟ್ಟುಕೊಂಡು ದೇವರ ಕೋಣೆಯಲ್ಲಿದೆ. ಜಂಪರ್ ಕೇಬಲ್ ಎಲ್ಲಿ ಎಂದರೆ, ನನ್ನ ಕಣ್ಣೆದುರಿಗೇ ಇತ್ತು, ಇಕ್ಕಳಗಳಿಲ್ಲದೆ, ಕಾರಿನ ಹೊಟ್ಟೆಯ ಕೆಳಗೆ ಅಚ್ಚುಕಟ್ಟಾಗಿ ಕಟ್ಟಿಸಿಕೊಂಡು.

ಸಾಲಿನ ಮೊದಲ ಪಿಕಪ್ ಟ್ರಕ್ಕಿನಿಂದ ಒಬ್ಬ ದಪ್ಪ ಹೆಂಗಸು ನಾಯಿ ಸಮೇತ ಇಳಿದು ಬಂದಳು. ಅವಳಿಗೆ ಕಂಡವರೆಲ್ಲ ಹನಿ, ಅಂದರೆ ಜೇನು.

"ಬ್ಯಾಟರಿ ಸತ್ತಿತೇ, ಹನಿ?"

ಇಲ್ಲಿ ನಾನು ಹೌದು ಅನ್ನಬೇಕಿತ್ತು. ಒಂದೇ ಶಬ್ದ. ಅದರ ಬದಲು, ಸತ್ತಿಲ್ಲ, ಭಾರದ ಹೊತ್ತಿನಲ್ಲಿ ವೋಲ್ಟೇಜು ತಾತ್ಕಾಲಿಕವಾಗಿ ಕುಸಿದಿದೆ, ಸ್ವಲ್ಪ ವಿಶ್ರಾಂತಿ ಕೊಟ್ಟರೆ ರಸಾಯನ ಕ್ರಿಯೆಯಿಂದ ಚೇತರಿಸಿಕೊಳ್ಳುತ್ತದೆ, ನಾನು ಎಲೆಕ್ಟ್ರಿಕಲ್ ಇಂಜಿನಿಯರ್ ಎಂದು ಶುರುಮಾಡಿದೆ. ಅವಳು ನಾಯಿಯ ತಲೆ ಸವರುತ್ತಾ ಕೇಳಿದಳು. ಹಿಂದಿನಿಂದ ಇನ್ನಿಬ್ಬರು ಬಂದರು. ಅವರಿಗೂ ಮೊದಲಿನಿಂದ ಹೇಳಿದೆ. ಸಭೆ ಸೇರಿದರೆ ನನಗೆ ಹಾಗೆ ಆಗುತ್ತದೆ. ಬ್ಯಾಟರಿಯ ಒಳಗಿನ ಸೀಸದ ಫಲಕಗಳವರೆಗೆ ಬಂದಿದ್ದೆ.

ಆಗ ಹೆಂಗಸು ನನ್ನ ಹೆಗಲಿನಾಚೆ ನೋಡಿ, "ಓ, ಹನಿ" ಎಂದಳು. ಈ ಸಲ ನನಗೆ ಹೇಳಿದ್ದಲ್ಲ.

ತಿರುಗಿದೆ. ಯಾವುದೋ ದೊಡ್ಡ ದೋಣಿ ಆಚೆ ವೇಗವಾಗಿ ಹೋಗಿತ್ತು. ಅದೆಬ್ಬಿಸಿದ ಅಲೆ ಬಂದು ನಮ್ಮ ದೋಣಿಯ ಹಿಂಭಾಗವನ್ನು ಎತ್ತಿ ಕಟ್ಟೆಯ ಕಡೆಗೆ ಬೀಸುತ್ತಿತ್ತು. ಭಾವ ಕಟ್ಟೆಯಿಂದ ನೀರಿಗಿಳಿದಿದ್ದರು. ಮೊಣಕಾಲಿನ ಮೇಲೆ ನೀರು. ಹಗ್ಗ ಎಡಗೈಗೆ ಸುತ್ತಿತ್ತು. ಎರಡನೇ ಅಲೆ ಬಂದಾಗ, ಯಾರೂ ಹೇಳದೆಯೇ, ಬಲಗೈಯೂ ಹಗ್ಗಕ್ಕೆ ಹೋಯಿತು.  ಮುಖ ಬಿಳಿಚಿತು.

ಅಕ್ಕನ ಕುರ್ಚಿ ಖಾಲಿಯಿತ್ತು. ಹಬ್ಬಕ್ಕೆ ಉಟ್ಟ ಕಡುನೀಲಿ ಮೈಸೂರು ಸಿಲ್ಕಿನ ಸೀರೆಯನ್ನು ಮೊಣಕಾಲಿಗೆತ್ತಿ ಸಿಕ್ಕಿಸಿಕೊಂಡು ಅವಳು ಪಾಚಿಗಟ್ಟಿದ ಇಳಿಜಾರಿನಲ್ಲಿ ನೀರಿಗಿಳಿಯುತ್ತಿದ್ದಳು. ಒಮ್ಮೆ ಜಾರಿದಳು, ಸೊಂಟದವರೆಗೂ ನೆನೆದು ಎದ್ದಳು. ಅವಳಿಗೆ ಈಜು ಬರುವುದಿಲ್ಲ. ಬೀಚಿಗೆ ಹೋದರೂ ಕಾಲು ತೋಯಿಸದವಳು.

"ಬಿಡ್ರೀ, ಬಲಗೈ ಬಿಡಿ! ನಾನು ಹಿಡ್ಕೊಂಡಿದೀನಿ!"

"ನೀ ಯಾಕ ಇಳದಿ? ಹೋಗು ಮ್ಯಾಲ! ಹೋಗಂತೀನಿ!" ಭಾವ ಅಕ್ಕನ ಮೇಲೆ ದನಿ ಎತ್ತಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಅಕ್ಕ ಹಗ್ಗ ಹಿಡಿದಳು. ಬಿಡಲಿಲ್ಲ. ನಾನು ಇಳಿಯುವ ಹೊತ್ತಿಗೆ ಅಲೆಗಳು ತಣ್ಣಗಾಗಿದ್ದವು. ನನ್ನ ಪಾಲಿಗೆ ಹಗ್ಗದ ತುದಿಯೂ ಉಳಿದಿರಲಿಲ್ಲ. ನೀರಿನಲ್ಲಿ ಸುಮ್ಮನೆ ನಿಂತೆ, ಯಾರೂ ನಿಲ್ಲಲು ಹೇಳದ ಕಡೆ.

ಆ ಹೆಂಗಸು ತನ್ನ ಟ್ರೇಲರನ್ನು ಕಳಚಿ, ಟ್ರಕ್ಕನ್ನು ನಮ್ಮ ಕಾರಿನ ಮೂತಿಗೆ ಮೂತಿ ಬರುವಂತೆ ಇಳಿಸಿ, ತನ್ನ ಜಂಪರ್ ಕೇಬಲ್ ತೆಗೆದಳು. ಹಾಕುವುದು ಹೇಗೆಂದು ನನಗೆ ಗೊತ್ತು, ಆದರೂ ಇಕ್ಕಳಗಳನ್ನು ಎರಡೆರಡು ಸಲ ನೋಡಿ ಸಿಕ್ಕಿಸಿದೆ. ಎಂಜಿನ್ ಹತ್ತಿತು. ಹಾಡೂ ಬಿಟ್ಟಲ್ಲಿಂದ ಶುರುವಾಯಿತು, ಅದನ್ನು ಆರಿಸಲು ಓಡಿದೆ. ಗುಂಡಿ ಒತ್ತಿದರೆ, ದೋಣಿ ಬೆಣ್ಣೆಯ ಮೇಲೆ ಜಾರುವಂತೆ ಬಂದು ತನ್ನ ಜಾಗದಲ್ಲಿ ಕೂತಿತು. ಸಾಲಿನಲ್ಲಿದ್ದವರು ಚಪ್ಪಾಳೆ ತಟ್ಟಿದರು, ಒಳ್ಳೆಯ ಮನಸ್ಸಿನಿಂದಲೇ. ವಿಂಚಿನ ಕೊರಳಿನಲ್ಲಿ ಸೇವಂತಿಗೆಯ ಹಾರ ಇನ್ನೂ ಇತ್ತು. ನಾನು ಅದನ್ನು ಕಿತ್ತು ಜೇಬಿಗೆ ತುರುಕಿಕೊಂಡೆ.

ಮನೆಗೆ ಬರುವಾಗ ಅಕ್ಕ ಹಿಂದಿನ ಸೀಟಿನಲ್ಲಿ ಟವೆಲ್ ಸುತ್ತಿಕೊಂಡು ಕೂತಿದ್ದಳು, ಭಾವ ಅವಳ ಪಕ್ಕದಲ್ಲಿ. ಅವಳ ಬೈಗುಳಕ್ಕಾಗಿ ಕಾದೆ. ಬೈದಿದ್ದರೆ ಉತ್ತರ ಹುಡುಕುತ್ತಿದ್ದೆ, ಉತ್ತರ ಹುಡುಕುವುದರಲ್ಲಿ ನಾನು ಗಟ್ಟಿಗ. ಅವಳು ಕೇಳಿದ್ದು ಒಂದೇ. "ಭುಜ ಹೇಗಿದೆ ರೀ?"

"ಏನೂ ಆಗಿಲ್ಲ. ನಿನ್ನ ಸೀರಿ ಹಾಳಾತು."

"ಸೀರೆ ಹೋಗ್ಲಿ ಬಿಡಿ."

 ಸಿಗ್ನಲ್ಲಿನಲ್ಲಿ ನನ್ನ ಕೈ ತಾನಾಗಿ ಕೀಲಿಯ ಕಡೆ ಹೋಯಿತು. ಕನ್ನಡಿಯಲ್ಲಿ ಇಬ್ಬರೂ ನೋಡಿದರು. ಕೈಯನ್ನು ಹಿಂದಕ್ಕೆ ತಂದು ಸ್ಟೀರಿಂಗಿನ ಮೇಲೆ ಇಟ್ಟೆ.

ಭುಜಕ್ಕೆ ಏನೂ ಆಗಿಲ್ಲ ಎಂಬುದು ಸುಳ್ಳಾಗಿತ್ತು. ಹೊಲಿದ ನಾರಿನಲ್ಲಿ ಒಂದಿಷ್ಟು ಮತ್ತೆ ಬಿಟ್ಟಿದೆಯೆಂದು ಡಾಕ್ಟರು ಆಮೇಲೆ ಹೇಳಿದರು. ಕೈ ಮತ್ತೆ ಜೋಳಿಗೆ ಸೇರಿತು. ಆದರೆ ದೋಣಿ ಹೋದದ್ದು ಅದರಿಂದಲ್ಲ. ಸೋಮವಾರ ನಾನು ಅವರ ಮನೆಗೆ ಹೋಗಿ, ಬಾಗಿಲಲ್ಲೇ ನಿಂತು, ಹೊಸ ಬ್ಯಾಟರಿ ಹಾಕಿಸ್ತೀನಿ, ವಿಂಚಿಗೇ ಬೇರೆ ಬ್ಯಾಟರಿ ಕೊಡ್ತೀನಿ, ತಪ್ಪು ವಿಂಚಿನದಲ್ಲ ನನ್ನದು, ಇನ್ನೊಂದು ಭಾನುವಾರ ಕೊಡಿ ಎಂದೆ. ಅಕ್ಕನಿಗೇ ಹೇಳಿದೆ, ತೀರ್ಪು ಅವಳದಲ್ಲವೇ ಎಂದು. ಅಕ್ಕ ಹೇಳಿದಳು. "ನಾನು ಇಟ್ಕೊಳಿ ಅಂತಾನೇ ಹೇಳ್ದೆ ಕಣೋ. ನಿಮ್ಮ ಭಾವನೇ ಬೆಳಿಗ್ಗೆ ಎದ್ದು ಅವನಿಗೆ ಫೋನ್ ಮಾಡಿದಾರೆ."

ಭಾವ ಸೋಫಾದಲ್ಲಿದ್ದರು. "ಆಕಿ ನೀರಿಗೆ ಇಳದ್ಲು" ಎಂದರು. "ಈಜು ಬರೂದಿಲ್ಲ, ಇಳದೇ ಬಿಟ್ಲು. ನನ್ನ ನಿದ್ದಿ ಸಲುವಾಗಿ ಆಕಿನ್ನ ನೀರಾಗ ನೋಡೂದು ನನಗ ಬ್ಯಾಡಪಾ."



ಕೊಳ್ಳುವವನು ಆ ವಾರವೇ ಬಂದ. ಗಡ್ಡದ, ಸಂತೋಷದ ಮನುಷ್ಯ. ವಿಂಚನ್ನು ನೋಡಿ ಅವನ ಕಣ್ಣರಳಿತು, ಇದು ಮೊದಲು ಇರಲಿಲ್ಲವಲ್ಲ ಎಂದ. ಭಾವ ಎಡಗೈಯನ್ನು ನನ್ನ ಬೆನ್ನ ಮೇಲೆ ಇಟ್ಟು ಇಂಗ್ಲಿಷಿನಲ್ಲಿ, ನನ್ನ ಹೆಂಡತಿಯ ತಮ್ಮ, ದೊಡ್ಡ ಇಂಜಿನಿಯರ್, ಪೂರ್ತಿ ಅವನ ಕೈಕೆಲಸ ಎಂದರು. ಅದರಲ್ಲಿ ಕುಹಕ ಇದ್ದಿದ್ದರೆ ಚೆನ್ನಾಗಿತ್ತು. ಅವನು ನನ್ನ ಕೈಕುಲುಕಿದ. ಅವನ ಟ್ರಕ್ಕಿನ ಬ್ಯಾಟರಿಗೆ ತಂತಿ ಹಾಯಿಸುವುದು ಹೇಗೆಂದು ನಾನೇ ತೋರಿಸಿಕೊಟ್ಟೆ. ಅವನ ಬೂಟುಗಳನ್ನು ಈಗಲೂ ವರ್ಣಿಸಬಲ್ಲೆ, ಮುಖವನ್ನು ಅಷ್ಟು ನೋಡಲಿಲ್ಲ.

ಈಗ ಭಾನುವಾರಗಳು ನನ್ನ ಪಾಲಿಗೆ ಬಂದಿವೆ. ಭಾವನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಬೋಕನ್ನಿಗೆ ಹೋಗುತ್ತೇನೆ. ಅಲ್ಲಿಂದ ಹಡ್ಸನ್ ನದಿ ದಾಟಿಸುವ ಫೆರಿ ಹತ್ತುತ್ತೇವೆ. ಇದೂ ನನ್ನದೇ ಉಪಾಯ: ನೀರು ಬೇಕು, ದೋಣಿ ಬೇಕು, ಯಾರೂ ಏನನ್ನೂ ಎಳೆಯಬೇಕಾಗಿಲ್ಲ. ಮೊದಲ ಸಲ ಅವರು ಕಿಟಕಿಯ ಪಕ್ಕ ಕೂತು ಟೋಪಿ ಸರಿಮಾಡಿಕೊಳ್ಳುವಷ್ಟರಲ್ಲಿ ಮ್ಯಾನ್‌ಹ್ಯಾಟನ್ ಬಂದೇಬಿಟ್ಟಿತು. "ಇದು ಭಾಳ ಜಲ್ದಿ ದಂಡಿಗೆ ಹತ್ತತದ" ಎಂದರು, ದೂರಲ್ಲ, ಸುಮ್ಮನೆ ಹೇಳಿದ್ದು. ಅದಕ್ಕೇ ನಾವು ಇಳಿದು, ಮತ್ತೆ ಸಾಲಿನಲ್ಲಿ ನಿಂತು, ಅದೇ ಫೆರಿ ಹತ್ತಿ ವಾಪಸು ಬರುತ್ತೇವೆ. ಮತ್ತೆ ಹೋಗುತ್ತೇವೆ. ಟಿಕೆಟ್ ನೋಡುವವರು ನಮ್ಮನ್ನು ದಾರಿ ತಪ್ಪಿದ ಮುದುಕರೆಂದು ತಿಳಿದಿದ್ದಾರೆ.

ಹೋದ ವಾರ ಭಾವ ನನ್ನ ಮುಖ ನೋಡಿದರು. ನಾನು ಏನೂ ಕೇಳಿರಲಿಲ್ಲ, ಬರೇ ಅವರನ್ನೇ ನೋಡುತ್ತಾ ಕೂತಿದ್ದೆ, ಆವತ್ತು ಕೊಲ್ಲಿಯಲ್ಲಿ ನೋಡಿದ ಹಾಗೆ. ಅವರಿಗೆ ಏನನ್ನಿಸಿತೋ. ಟೋಪಿಯನ್ನು ಮುಖದ ಮೇಲೆಳೆದುಕೊಂಡು, ತಲೆಯನ್ನು ಗಾಜಿಗೆ ಒರಗಿಸಿ, ಮಲಗಿದರು.

ದಡ ಮುಟ್ಟುವವರೆಗೂ ಮಲಗಿಯೇ ಇದ್ದರು. ಜನರೆಲ್ಲ ಎದ್ದು ಇಳಿಯತೊಡಗಿದಾಗ ನಾನು ಅವರ ತೊಡೆಯ ಮೇಲೆ ಕೈಯಿಟ್ಟು, "ಭಾವ" ಎಂದೆ. ಅವರು ಕಣ್ಣುಜ್ಜಿಕೊಂಡು, ಮೈಮುರಿದು, "ಛಲೋ ನಿದ್ದಿ ಹತ್ತಿತ್ತು ನೋಡು" ಎಂದರು.

ಗೊರಕೆ ಇರಲಿಲ್ಲ. ಟೋಪಿಯ ಅಂಚಿನ ಕೆಳಗೆ ರೆಪ್ಪೆಗಳು ದಾರಿಯುದ್ದಕ್ಕೂ ಅಲುಗುತ್ತಿದ್ದುದನ್ನು ನಾನು ನೋಡಿದ್ದೆ. "ಹೌದು ಭಾವ, ಒಳ್ಳೆ ನಿದ್ದೆ" ಎಂದು ಹೇಳಿ, ಅವರ ಎಡಗೈ ಹಿಡಿದು, ಇಳಿಯುವವರ ಸಾಲಿನಲ್ಲಿ ನಿಂತೆ.